ಕಿಟಕಿ ಮೇಲಿನ ಇಂಟು ಮಾರ್ಕು

ಚಿಕ್ಕಪ್ಪ: ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು, ಫೋಟೋ ನೋಡಿ. ಮೈಸೂರಿನ ಹೋಟೆಲೊಂದರ ಪೋಸ್ಟ್‌ಕಾರ್ಡು. ಬ್ರಿಟಿಷರ ಕಾಲದ್ದು. ಇಂಥದ್ದಕ್ಕೆ ಈಗ ಸಾವಿರಗಟ್ಟಲೆ ಕೊಡುತ್ತಾರಂತೆ. ಮಾರೋಣ್ವಾ?

ಅತ್ತೆ: ಕಿಟಕಿ ಮೇಲೆ ಯಾರೋ ಪೆನ್ನಲ್ಲಿ ಇಂಟು ಮಾರ್ಕು ಹಾಕಿದ್ದಾರಲ್ಲ. ಗೀಚಿದ್ದನ್ನು ಯಾರು ತಗೊಳ್ತಾರೆ?

ನಾನು: ಹಿಂಭಾಗದ ಫೋಟೋನೂ ಹಾಕಿ ಚಿಕ್ಕಪ್ಪ. ಬ್ರಿಟಿಷರ ಕಾಲದ್ದು ಅನ್ನೋದು ನನಗೆ ಅನುಮಾನ.

ಚಿಕ್ಕಪ್ಪ: ಹಾಕಿದೆ. ಕಮಾನು, ಕಂಬ, ಮುಂದೆ ಜಟಕಾ. ನೋಡಿದರೇ ಗೊತ್ತಾಗಲ್ವಾ?

ನಾನು: ಕಟ್ಟಡ ಹಳೇದಿರಬಹುದು, ಕಾರ್ಡು ಅಲ್ಲ. ಜಟಕಾ ಮೈಸೂರಲ್ಲಿ ಈಗಲೂ ಓಡುತ್ತದೆ. ಕೆಳಗೆ ಅಚ್ಚಾಗಿರೋ ವಿಳಾಸ ಓದಿ: ಮೈಸೂರು 570001, ಮೈಸೂರು ರಾಜ್ಯ. ಪಿನ್‌ಕೋಡ್ ಶುರುವಾಗಿದ್ದೇ 1972ರ ಆಗಸ್ಟ್ 15ಕ್ಕೆ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ, ಹಾಗಾಗಿ ಬಹುಶಃ ಆ ಹದಿನಾಲ್ಕು ತಿಂಗಳ ಒಳಗೇ ಇದು ಅಚ್ಚಾಗಿದೆ. ಭೂತಗನ್ನಡಿ ಹಿಡಿದು ನೋಡಿ, ಬಣ್ಣ ಚುಕ್ಕೆ ಚುಕ್ಕೆಯಾಗಿ ಕಂಡರೆ ಪ್ರೆಸ್ಸಿನ ಅಚ್ಚು, ನಿಜವಾದ ಫೋಟೋ ಅಲ್ಲ.

ಭಾವ: ಪತ್ತೇದಾರಿ ಸಾಕು. ಲ್ಯಾಮಿನೇಶನ್ ಮಾಡಿಸಿ ಫ್ರೇಮ್ ಹಾಕಿಬಿಡಿ.

ನಾನು: ದಯವಿಟ್ಟು ಬೇಡ!! ನಾನು ಒಂದು ಒಳ್ಳೆ ಕಾರ್ಡನ್ನು ಹೀಗೇ ಹಾಳು ಮಾಡಿಕೊಂಡಿದ್ದೀನಿ. ಬಿಸಿಗೆ ಅಂಟು ಕಾಗದಕ್ಕೇ ಹಿಡಿಯುತ್ತದೆ, ಮತ್ತೆ ಬಿಡಿಸೋಕಾಗಲ್ಲ.

ಚಿಕ್ಕಪ್ಪ: ಹಾಗಾದರೆ ಬೆಲೆ ಇಲ್ಲ ಅಂತೀಯಾ?

ನಾನು: ಜಾಸ್ತಿ ಸಿಗಲ್ಲ. ಹೋಟೆಲಿನವರು ಇಂಥವನ್ನು ರೂಮಿನ ಮೇಜಿನ ಮೇಲೆ ಸುಮ್ನೆ ಇಡುತ್ತಿದ್ದರು. ಬಂದವರು ತಾವೇ ಸ್ಟಾಂಪು ಹಚ್ಚಿ ಊರಿಗೆ ಹಾಕಿದರೆ ಹೋಟೆಲಿಗೆ ಪುಕ್ಕಟೆ ಜಾಹೀರಾತು. ಗೀಚಿದ್ದಕ್ಕೆ ವ್ಯಾಪಾರಿಗಳು ಬೆಲೆ ಕಡಿಮೆ ಮಾಡುತ್ತಾರೆ, ಅತ್ತೆ ಹೇಳಿದ್ದು ಸರಿ. ಆದರೆ ಹಿಂದೆ ಬರೆದಿರೋದು ಓದಿದ್ರಾ? ಅದು ತಾತನ ಕೈಬರಹ. "ಅವ್ವ, ಕ್ಷೇಮ. ಇಂಟು ಹಾಕಿದ್ದು ನಮ್ಮ ರೂಮು. ಇಲ್ಲಿ ಕಾಫಿ ಬರೀ ನೀರು."

ಅತ್ತೆ: ಅಯ್ಯೋ ಅಪ್ಪಂದಾ! ಮದುವೆಯಾದ ಹೊಸತರಲ್ಲಿ ಹೋಗಿದ್ದರು. ನಾನು ನೋಡೇ ಇಲ್ಲ ಇದನ್ನ.

ಅಕ್ಕ: ಅಜ್ಜಿಗೆ ತೋರಿಸಿದೆ. ಹೇಳಿದ್ದನ್ನು ಹಾಗೇ ಟೈಪ್ ಮಾಡ್ತಿದ್ದೀನಿ: "ಆ ಕಿಟಕಿ ಅಲ್ಲ. ಮುಂದಿನ ರೂಮಿಗೆ ಬಾಡಿಗೆ ಜಾಸ್ತಿ ಇತ್ತು. ನಮಗೆ ಕೊಟ್ಟಿದ್ದು ಹಿಂದುಗಡೆ, ಅಡುಗೆಮನೆ ಪಕ್ಕ, ಬೆಳಿಗ್ಗೆ ಐದಕ್ಕೇ ಪಾತ್ರೆ ಸದ್ದು. ಅತ್ತೆಮ್ಮ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಇವರು ಅಲ್ಲಿ ಹಾಕಿದರು."

ಭಾವ: 😂😂

ಅತ್ತೆ: ಕಾಫಿ ವಿಷಯ ಮಾತ್ರ ನಿಜ ಇರುತ್ತೆ.

ಚಿಕ್ಕಪ್ಪ: ಮಾರಲ್ಲ. ಮತ್ತೆ ಟ್ರಂಕಿಗೇ ಹಾಕ್ತೀನಿ.

ನಾನು: ಟ್ರಂಕಿಗೆ ಬೇಡ ಚಿಕ್ಕಪ್ಪ, ಮಳೆ ಹಿಡಿದರೆ ಬೂಷ್ಟು ಬರುತ್ತದೆ. ಭಾನುವಾರ ಮಡಿಕೇರಿಗೆ ಬರ್ತೀನಿ, ಕವರ್ ತರ್ತೀನಿ.