ಓದುಗರ ಸ್ಪಂದನ: ‘ನಂಬದೆ ಹೇಳೋದು ಸುಳ್ಳಲ್ವಾ ಅಮ್ಮಾ?’

ಕಳೆದ ಬಾರಿಯ ಸಮಸ್ಯೆ

ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದರು: “ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ಮಗ ಒಂಬತ್ತನೇ ತರಗತಿ, ಮಗಳು ಮೂರನೇ ತರಗತಿ. ಮೂರು ತಲೆಮಾರಿನಿಂದ ಕ್ರೈಸ್ತ ಸಭೆಗೆ ಸೇರಿದ ಮನೆ ನಮ್ಮದು. ರಾತ್ರಿ ಊಟಕ್ಕೆ ಮೊದಲು ಒಂದು ಗೀತೆ, ಒಂದು ಕೀರ್ತನೆ, ಪ್ರಾರ್ಥನೆ ತಪ್ಪಿದ್ದಿಲ್ಲ. ಕಳೆದ ವರ್ಷದವರೆಗೂ ಬೈಬಲ್ ವಚನ ಬಾಯಿಪಾಠದ ಸ್ಪರ್ಧೆಯಲ್ಲಿ ಬಹುಮಾನ ತರುತ್ತಿದ್ದ ಮಗ ಈ ಜೂನ್‌ನಿಂದ ‘ನಂಗೆ ನಂಬಿಕೆ ಬರ್ತಿಲ್ಲ. ನಂಬದೆ ಬಾಯಲ್ಲಿ ಹೇಳೋದು ಸುಳ್ಳಲ್ವಾ ಅಮ್ಮಾ?’ ಎನ್ನುತ್ತಿದ್ದಾನೆ. ಮನೆಯವರು ಸಿಟ್ಟಾಗಿ ಅವನ ಮೊಬೈಲ್ ಕಿತ್ತಿಟ್ಟರು. ಈಗ ಭಾನುವಾರ ಚರ್ಚಿಗೆ ಬರುತ್ತಾನೆ, ಕೊನೆಯ ಬೆಂಚಿನಲ್ಲಿ ಕಲ್ಲಿನಂತೆ ಕೂತಿರುತ್ತಾನೆ. ನನ್ನ ಪಾಳಿ ಕೆಲಸದಿಂದಲೇ ಹೀಗಾಯಿತು ಎನ್ನುತ್ತಾರೆ ಅತ್ತೆ. ‘ಅಣ್ಣ ಪ್ರಾರ್ಥನೆಯಲ್ಲಿ ಕಣ್ಣೇ ಮುಚ್ಚಲ್ಲ’ ಎಂದು ಚಿಕ್ಕವಳ ಚಾಡಿ ಬೇರೆ. ಮುಂದಿನ ವರ್ಷ ದೃಢೀಕರಣದ (ನಂಬಿಕೆಯನ್ನು ತಾನೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ) ತರಗತಿಗೆ ಸೇರಿಸಬೇಕು. ಏನು ಮಾಡಲಿ?”

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಶಿಕ್ಷಕಿ, ಮಂಗಳೂರು

ಮೊದಲು ಆ ಚಿಕ್ಕವಳ ವಿಷಯ. ಅಣ್ಣ ಕಣ್ಣು ಮುಚ್ಚಿಲ್ಲವೆಂದು ಅವಳಿಗೆ ಗೊತ್ತಾದದ್ದು ಹೇಗೆ ಅಂತ ಅತ್ತೆಯವರ ಎದುರಿಗೇ ಕೇಳಿ. ಮನೆಯಲ್ಲಿ ಒಂದು ನಗುವಾದರೂ ಬರಲಿ. ನಿಮ್ಮ ಪತ್ರ ಓದಿದರೆ ಜೂನ್‌ನಿಂದ ಅಲ್ಲಿ ಯಾರೂ ನಕ್ಕ ಹಾಗಿಲ್ಲ.

ಮೂವತ್ತೊಂದು ವರ್ಷ ಸಂಡೇ ಸ್ಕೂಲ್ ನಡೆಸಿದವಳು ನಾನು. ವಚನ ಗಡಗಡ ಒಪ್ಪಿಸಿ, ಮಿಠಾಯಿ ಜೇಬಿಗಿಳಿಸಿ, ಬಾಗಿಲು ದಾಟುವಷ್ಟರಲ್ಲಿ ಮರೆತ ಮಕ್ಕಳು ಎಷ್ಟೋ. ‘ಟೀಚರ್, ಜಲಪ್ರಳಯದಲ್ಲಿ ಮೀನುಗಳಿಗೆ ಯಾಕೆ ಶಿಕ್ಷೆ ಆಗ್ಲಿಲ್ಲ?’ ಎಂದು ಕೇಳಿದವನು ಒಬ್ಬನೇ. ಆವತ್ತು ಅವನನ್ನು ಗದರಿ ಕೂರಿಸಿದೆ. ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಮಗ ‘ಸುಳ್ಳಲ್ವಾ’ ಅಂದನಲ್ಲ, ಸುಳ್ಳು ಹೇಳಬಾರದು ಅಂತ ಅವನಿಗೆ ಕಲಿಸಿದವರು ಯಾರು? ಇಷ್ಟು ವರ್ಷ ಪಾಠ ಕೇಳಿಸಿಕೊಂಡವನೇ ಹಾಗೆ ಕೇಳುವುದು.

ಮೂರು ತಲೆಮಾರು ಎಂದು ಬರೆದಿದ್ದೀರಿ. ಆ ಲೆಕ್ಕ ನಮ್ಮ ಮನೆಯಲ್ಲೂ ಜೋರು. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದವರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿನಲ್ಲಿ ಇಳಿದ ದಿನದಿಂದಲೇ ನಾವು ಸಭೆಯವರು ಎನ್ನುತ್ತಿದ್ದರು. ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ನಮ್ಮ ಮುತ್ತಜ್ಜ ಕೆಲಸ ಹುಡುಕಿ ಊರಿಗೆ ಬಂದದ್ದು ಅದರ ಮೇಲೆ. ಅಜ್ಜ ಆರಾಮಾಗಿ ಮೂವತ್ತು ವರ್ಷ ಸೇರಿಸಿಬಿಟ್ಟಿದ್ದರು. ತಲೆಮಾರಿನ ಹೆಮ್ಮೆ ದೊಡ್ಡವರಿಗೆ ಚೆಂದ, ಹದಿನಾಲ್ಕರ ಹುಡುಗನಿಗೆ ಅದು ಭಾರ.

ನನ್ನ ಮಗನೂ ಹದಿನಾರಕ್ಕೆ ಬರುವುದಿಲ್ಲ ಎಂದ. ಎರಡು ವರ್ಷ ಜಗಳವಾಡಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು: ಅಂಗಿ ಇಸ್ತ್ರಿ ಆಗಿಲ್ಲ, ತಲೆ ಬಾಚಿಲ್ಲ, ಸತ್ಯವೇದ ಎಲ್ಲಿಟ್ಟೆ, ಗಂಟೆ ಬಾರಿಸಿಯಾಯಿತು. ಚರ್ಚಿಗೆ ಹೊರಡುವ ಆ ಒಂದು ಗಂಟೆಯಲ್ಲಿ ನಮ್ಮ ಮನೆಯಲ್ಲಿ ಆಗುತ್ತಿದ್ದಷ್ಟು ಪಾಪ ವಾರದ ಉಳಿದ ಆರು ದಿನ ಸೇರಿದರೂ ಆಗುತ್ತಿರಲಿಲ್ಲ. ಚರ್ಚಿನ ಸುಗ್ಗಿ ಹಬ್ಬದ ಏಲಂನ ಲೆಕ್ಕ ಬರೆಯಲು ಅವನನ್ನು ಹಚ್ಚಿದೆವು. ಕುಂಬಳಕಾಯಿ, ಬಾಳೆಗೊನೆ, ಊರಕೋಳಿಯ ಲೆಕ್ಕವನ್ನು ಖುಷಿಯಿಂದಲೇ ಬರೆದ. ಆಮೇಲೆ ಮೂರು ವಾರ ಬಂದ, ಮತ್ತೆ ಬಿಟ್ಟ. ಈಗ ಪುಣೆಯಲ್ಲಿದ್ದಾನೆ. ಕ್ರಿಸ್ಮಸ್‌ಗೆ ಮಾತ್ರ ಚರ್ಚು. ಆದರೆ ಪ್ರತಿ ಭಾನುವಾರ ಮಧ್ಯಾಹ್ನ ಫೋನ್ ಮಾಡಿ ‘ಇವತ್ತು ಯಾವ ಹಾಡು ಹಾಡಿದ್ರಿ’ ಎಂದು ಕೇಳುತ್ತಾನೆ. ಇದು ಗೆಲುವೋ ಸೋಲೋ ನನಗೆ ಗೊತ್ತಿಲ್ಲ ಮಗಳೇ.

ದೃಢೀಕರಣದ ಅವಸರ ಮಾತ್ರ ಬೇಡ. ದೀಕ್ಷಾಸ್ನಾನದ ದಿನ ಕೂಸಿನ ಪರವಾಗಿ ನೀವೂ ಜ್ಞಾನ ತಂದೆತಾಯಿಯೂ ಮಾತು ಕೊಟ್ಟಿದ್ದೀರಿ. ಅದೇ ಮಾತನ್ನು ಅವನು ತನ್ನ ಬಾಯಿಂದ ಹೇಳುವ ದಿನ ದೃಢೀಕರಣ. ಅಲ್ಲಿಯೂ ನೀವೇ ಹೇಳಿಸಿದರೆ ಅದಕ್ಕೆ ಅರ್ಥವೇನು? ವಯಸ್ಸು ಮೀರಿಹೋಗಲು ಅದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲ. ನಿಮ್ಮ ಸಭೆಯ ಅಯ್ಯನವರ ಬಳಿ ಮಾತಾಡಿ, ಒಂದೆರಡು ವರ್ಷ ಕಾಯಿರಿ. ಮದುವೆ ನಿಶ್ಚಯವಾದ ಮೇಲೆ ಓಡೋಡಿ ಬಂದು ದೃಢೀಕರಣ ಪಡೆದವರನ್ನೂ ನೋಡಿದ್ದೇನೆ.

ಇಬ್ಬರು ಗಂಡುಮಕ್ಕಳ ತಂದೆ, ಗದಗ

ಅಕ್ಕಾರ, ಇದು ನಿಮ್ಮ ಯಜಮಾನರಿಗೆ ಓದಿ ಹೇಳ್ರಿ. ಮೊಬೈಲ್ ಕಸಗೊಂಡು ಭಕ್ತಿ ಕೊಡಾಕ ಬರೂದಿಲ್ರಿ. ನಾನೂ ಮಾಡಿ ನೋಡೀನಿ. ನನ್ನ ದೊಡ್ಡ ಮಗನ ಸೈಕಲ್ ಹದಿನೈದು ದಿವಸ ಅಟ್ಟದ ಮ್ಯಾಲೆ ಏರಿಸಿಟ್ಟಿದ್ದೆ. ಚರ್ಚಿಗೆ ನಡಕೊಂತ ಬಂದ, ನಡಕೊಂತ ಹ್ವಾದ. ಅಲ್ಲೀತನಕ ಅವಗ ದೇವರ ಮ್ಯಾಲೆ ಸಿಟ್ಟಿರಲಿಲ್ಲ, ನನ್ನ ಮ್ಯಾಲೆ ಇತ್ತು. ಆಮ್ಯಾಲೆ ಇಬ್ಬರ ಮ್ಯಾಲೂ ಬಂತು.

ಬೈಬಲಿನಾಗ ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ಶುರುವಾಗೂದು ಮಕ್ಕಳು ತಂದೆತಾಯಿ ಮಾತು ಕೇಳಬೇಕು ಅಂತ. ಅದು ನಮ್ಮ ಮಕ್ಕಳಿಗೆಲ್ಲಾ ಬಾಯಿಪಾಠ. ನಾಕನೇ ವಚನದಾಗ ತಂದೆಗಳಿಗೆ ಹೇಳೈತಿ, ಮಕ್ಕಳಿಗೆ ಸಿಟ್ಟು ಎಬ್ಬಿಸಬ್ಯಾಡ್ರಿ ಅಂತ. ಅದನ್ನ ಯಾವ ಸ್ಪರ್ಧಾದಾಗೂ ಇಟ್ಟಿದ್ದು ನಾ ಕಂಡಿಲ್ಲ.

ಗೃಹಿಣಿ, ಕಿನ್ನಿಗೋಳಿ

ನಾವು ಕೆಥೊಲಿಕರು. ನಿಮ್ಮಲ್ಲಿ ಗೀತೆ, ಕೀರ್ತನೆ, ನಮ್ಮಲ್ಲಿ ತೇರ್ಸ್, ಅಂದರೆ ಮಣಿಮಾಲೆಯ ಜಪ. ಸಂಜೆ ಏಳೂವರೆಗೆ ದೀಪ ಹಚ್ಚಿ, ಮಣಿಮಾಲೆ ಹಿಡಿದು ಮೊಣಕಾಲೂರಿ ಕೂತರೆ ಕೊನೆಯ ಲದಿನ್ ಪ್ರಾರ್ಥನೆ ಎಲ್ಲ ಸೇರಿ ಅರ್ಧ ಗಂಟೆ. ನನ್ನ ಮಗಳು ಹದಿಮೂರಕ್ಕೆ ‘ಮೊಣಕಾಲು ನೋವು’ ಎಂದು ಶುರು ಮಾಡಿದಳು. ಥ್ರೋಬಾಲ್ ಆಡುವಾಗ ಮಾತ್ರ ಆ ಮೊಣಕಾಲಿಗೆ ಏನೂ ಆಗುತ್ತಿರಲಿಲ್ಲ.

ಗಂಡ ಕುವೈತಿನಲ್ಲಿ, ಮನೆಯಲ್ಲಿ ನಾನು, ಅತ್ತೆ, ಮೂವರು ಮಕ್ಕಳು. ವಾರದ ದಿನ ತೇರ್ಸಿನ ಐದು ಮಿಸ್ತೇರಿಯ (ಭಾಗದ) ಬದಲು ಒಂದೇ, ಅದನ್ನು ಮಕ್ಕಳೇ ಸರದಿಯಲ್ಲಿ ನಡೆಸಬೇಕು, ಶನಿವಾರ ಪೂರ್ತಿ ಎಂದು ಮಾಡಿದೆ. ‘ಮರಿಯಮ್ಮನವರಿಗೂ ಕಂತಿನಲ್ಲಿ ಕೊಡುವುದಾ?’ ಎಂದರು ಅತ್ತೆ. ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಆಮೇಲೆ ಅವರೇ ತಮ್ಮ ಕೋಣೆಯಲ್ಲಿ ಉಳಿದ ನಾಲ್ಕನ್ನು ಮುಗಿಸಿಕೊಳ್ಳತೊಡಗಿದರು. ಎಲ್ಲರ ಪಾಲಿನದ್ದೂ ಹೇಳುತ್ತೇನೆ ಎನ್ನುತ್ತಾರೆ, ಹೇಳಲಿ.

ಮಗಳು ಪೂರ್ತಿ ಬಿಟ್ಟ ದಿನಗಳೂ ಇದ್ದವು. ಆದರೆ ನಮ್ಮಲ್ಲಿ ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರೆಲ್ಲರ ಮುಂದೆ ಕೈಮುಗಿದು ಬೆಸಾಂವ್ ಕೇಳಬೇಕು, ಆಶೀರ್ವಾದ. ಅದಕ್ಕೆ ಮಾತ್ರ ಎದ್ದು ಬರುತ್ತಿದ್ದಳು. ಅಜ್ಜಿ ತಲೆ ಮುಟ್ಟದೆ ಅವಳಿಗೆ ನಿದ್ದೆ ಬಾರದು. ಮರಿಯಮ್ಮನವರ ಜನ್ಮದಿನದ ಮೊಂತಿ ಹಬ್ಬಕ್ಕೂ ಹಾಗೆಯೇ. ಸೆಪ್ಟೆಂಬರ್ 8ರ ಮುಂಚಿನ ಒಂಬತ್ತು ದಿನ ಹೂ ಕೊಯ್ದು ಇಗರ್ಜಿಗೆ ಒಯ್ಯುವುದು, ಹಬ್ಬದ ದಿನ ಹೊಸ ತೆನೆ ತರುವುದು, ಊಟಕ್ಕೆ ಐದೋ ಏಳೋ ಬಗೆಯ ತರಕಾರಿ ಎಂದು ಎಣಿಸುವುದು, ಇದನ್ನೆಲ್ಲ ‘ಇಲ್ಲ’ ಎಂದವಳೇ ಅಲ್ಲ. ಕೈಗೆ ಕೆಲಸವಿರುವ ಭಕ್ತಿ ಮಕ್ಕಳಿಗೆ ಬೇಗ ಹಿಡಿಸುತ್ತದೆ. ನಿಮ್ಮ ಮನೆಯಲ್ಲೂ ಬೆಸಾಂವ್‌ನಂಥದ್ದು ಏನೋ ಒಂದಿದ್ದೀತು, ಹುಡುಕಿ.

ಇನ್ನು ಪಾಳಿಯ ಮಾತು. ಸಂತ ಅಗಸ್ತೀನನ ತಾಯಿ ಸಂತ ಮೋನಿಕಾ ಯಾವ ಕೆಲಸಕ್ಕೂ ಹೋದವಳಲ್ಲ, ಮಗನ ಹಿಂದೆಯೇ ಅಳುತ್ತ ಇಟಲಿಯವರೆಗೂ ಹೋದವಳು. ಆದರೂ ಅಗಸ್ತೀನ ಅವಳ ದಾರಿಗೆ ಬಂದು ದೀಕ್ಷಾಸ್ನಾನ ಪಡೆದದ್ದು ಮೂವತ್ತು ದಾಟಿದ ಮೇಲೆ, 387ರಲ್ಲಿ. ನನ್ನ ಮಗನಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಅವಳು ಬಿಷಪರೊಬ್ಬರನ್ನು ಗೋಗರೆದಾಗ ಅವರು ಒಪ್ಪಲೇ ಇಲ್ಲ. ಈಗ ಹೇಳಿದರೆ ಕೇಳುವವನಲ್ಲ, ಬಿಡಮ್ಮ, ನೀನು ಪ್ರಾರ್ಥಿಸು, ಓದುತ್ತಾ ಅವನೇ ತಿಳಿದುಕೊಳ್ಳುತ್ತಾನೆ ಎಂದರಂತೆ. ನಿಮ್ಮ ಅತ್ತೆಗೆ ಈ ಕಥೆ ಹೇಳಿ. ಮನೆಯಲ್ಲೇ ಇದ್ದ ತಾಯಿಯ ಮಗನಿಗೂ ದಾರಿಗೆ ಬರಲು ವರ್ಷಗಟ್ಟಲೆ ಹಿಡಿಯಿತು.

ನಿವೃತ್ತ ಬ್ಯಾಂಕ್ ನೌಕರ, ಮೈಸೂರು

‘ಬಿಟ್ಟುಬಿಡಿ, ತಾನಾಗಿ ಬರುತ್ತಾನೆ’ ಎಂದೇ ಎಲ್ಲರೂ ಬರೆಯುತ್ತಾರೆ, ಗೊತ್ತು. ನಾನು ಒಪ್ಪುವುದಿಲ್ಲ. ಗಣಿತ ಇಷ್ಟವಿಲ್ಲ ಎಂದರೆ ಬಿಡಿಸುತ್ತೇವೆಯೇ? ನಂಬಿಕೆ ಬಂದ ಮೇಲೆ ಪ್ರಾರ್ಥಿಸುತ್ತೇನೆ ಎನ್ನುವುದು ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಎಂದ ಹಾಗೆ.

‘ಯೆಹೋವನು ನನಗೆ ಕುರುಬನು’ ಎಂಬ 23ನೇ ಕೀರ್ತನೆಯನ್ನು ನಾನು ಎಂಟನೇ ವಯಸ್ಸಿನಲ್ಲಿ ಅಪ್ಪನ ಬೆತ್ತದ ಭಯಕ್ಕೆ ಕಲಿತೆ. ಕುರಿಯನ್ನೂ ಸರಿಯಾಗಿ ನೋಡಿರಲಿಲ್ಲ, ನಂಬಿಕೆ ದೂರದ ಮಾತು. ನಾಲ್ಕು ವರ್ಷದ ಹಿಂದೆ ಹೆಂಡತಿ ಐಸಿಯುನಲ್ಲಿದ್ದಾಗ ಹೊರಗಿನ ಕುರ್ಚಿಯಲ್ಲಿ ಕೂತು ಪ್ರಾರ್ಥಿಸಲು ನೋಡಿದೆ. ಸ್ವಂತ ಮಾತು ಒಂದೂ ಬರಲಿಲ್ಲ. ಅದೊಂದೇ ಬಂತು, ಎಂಟರ ಹುಡುಗನ ರಾಗದಲ್ಲೇ. ಬೆಳಗಿನ ಜಾವದವರೆಗೂ ಅದನ್ನೇ ಹೇಳಿಕೊಂಡಿದ್ದೆ. ಅವಳು ಉಳಿಯಲಿಲ್ಲ. ನಂಬದೆ ಕಲಿತದ್ದು ಸುಳ್ಳಾಗುತ್ತದೆ ಎಂದು ನನಗೆ ಯಾರೂ ಹೇಳಬೇಡಿ.

ಬಾಯಿ ತೆರೆಯದಿದ್ದರೆ ಬೇಡ, ಕಣ್ಣು ಮುಚ್ಚದಿದ್ದರೆ ಬೇಡ. ಆ ಹತ್ತು ನಿಮಿಷ ಮಾತ್ರ ಎಲ್ಲರ ಜೊತೆ ಕೂತಿರಲಿ. ಅಷ್ಟನ್ನು ಕೇಳುವ ಹಕ್ಕು ತಂದೆತಾಯಿಗೆ ಇದೆ. ಬೆತ್ತವನ್ನು ನಾನು ಸಮರ್ಥಿಸುತ್ತಿಲ್ಲ, ಅದು ನನ್ನ ಅಪ್ಪನೊಂದಿಗೇ ಹೋಯಿತು.

ಅಜ್ಜಿ, ಚಿತ್ರದುರ್ಗ

ನಾನು ಕ್ರೈಸ್ತಳಲ್ಲ. ಆದರೂ ಬರೆಯಬೇಕೆನಿಸಿತು. ಲಿಂಗಪೂಜೆ ಆಗದೆ ತಿಂಡಿ ಇಲ್ಲ ಎನ್ನುವ ಮನೆ ನಮ್ಮದು. ಮೊನ್ನೆ ಮೊಮ್ಮಗ ಇದನ್ನೇ ಕೇಳಿದ: ‘ಅಜ್ಜಿ, ಮನಸಿಲ್ಲದೆ ಮಾಡಿದ್ರೂ ನಡೆಯುತ್ತಾ?’ ಅವನೂ ಒಂಬತ್ತನೇ ತರಗತಿ. ಆ ತರಗತಿಯ ಪುಸ್ತಕದಲ್ಲೇ ಏನಾದರೂ ಇದೆಯೋ ಏನೋ, ಯಾರಾದರೂ ನೋಡಿ ತಿಳಿಸಿ.

ಹೊಲಿಗೆ ಕೆಲಸದವಳು, ಬೀದರ್

ಬೈಬಲಿನ ಒಂದನೇ ಸಮುವೇಲದ ಎರಡನೇ ಅಧ್ಯಾಯದಲ್ಲಿ ಒಂದು ಸಣ್ಣ ಮಾತಿದೆ. ಹನ್ನಳು ಹರಕೆ ಹೊತ್ತು ಪಡೆದ ಮಗನನ್ನು ದೇವಾಲಯದಲ್ಲಿ ಬಿಟ್ಟ ಮೇಲೆ ಪ್ರತಿ ವರ್ಷ ಒಂದು ಚಿಕ್ಕ ಅಂಗಿ ಹೊಲಿದುಕೊಂಡು ಹೋಗುತ್ತಿದ್ದಳು. ಪ್ರಸಂಗದಲ್ಲಿ ಎಲ್ಲರೂ ಹರಕೆಯ ಬಗ್ಗೆ ಹೇಳುತ್ತಾರೆ. ನನ್ನ ಮನಸ್ಸು ಅಂಗಿಯ ಹತ್ತಿರವೇ ನಿಲ್ಲುತ್ತದೆ. ಮಗ ಕಣ್ಣ ಮುಂದಿಲ್ಲ, ಅಳತೆ ತೆಗೆಯುವಂತಿಲ್ಲ. ಒಂದು ವರ್ಷದಲ್ಲಿ ಭುಜ ಎಷ್ಟು ಅಗಲವಾಯಿತು, ತೋಳು ಎಷ್ಟು ಉದ್ದವಾಯಿತು, ಎಲ್ಲ ಅಂದಾಜು. ನಾವು ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಬಟ್ಟೆ ಬಿಟ್ಟೇ ಹೊಲಿಯುತ್ತೇವೆ, ಮುಂದಿನ ವರ್ಷ ಬಿಚ್ಚಲು ಬರಲಿ ಎಂದು. ಅವಳೂ ಬಿಟ್ಟಿರಬೇಕು.

ಅಕ್ಕಾ, ಬಹುಮಾನ ತಂದ ಹುಡುಗನ ಅಳತೆ ನಿಮ್ಮ ಹತ್ತಿರ ಇದೆ. ಈಗ ಅವನು ಬೆಳೆದಿದ್ದಾನೆ. ನಮ್ಮ ಮನೆಯಲ್ಲಿ ಚಿಕ್ಕವರಿಗೆ ದಾವೀದ–ಗೊಲ್ಯಾತರ ಕಥೆ ನಡೆಯುತ್ತದೆ. ದೊಡ್ಡವಳಿಗೆ ನಾನು ಯೋಬನ ಪುಸ್ತಕ ಕೊಟ್ಟೆ, ದೇವರನ್ನೇ ಕಟಕಟೆಗೆ ಎಳೆದವನ ಪುಸ್ತಕ. ಅವಳು ಓದಿ ‘ಇದನ್ನ ಚರ್ಚ್‌ನಲ್ಲಿ ಇಟ್ಕೊಂಡಿದ್ದಾರಾ?’ ಅಂದಳು. ಓದಿ ಮುಗಿಸಿದಳೋ ಇಲ್ಲವೋ ನಾನು ಕೇಳಲಿಲ್ಲ.

ಪದವಿ ವಿದ್ಯಾರ್ಥಿನಿ, ಬೆಂಗಳೂರು

ಆಂಟಿ, ನಾನು ಹತ್ತನೇ ತರಗತಿಯಲ್ಲಿ ನಿಮ್ಮ ಮಗನ ಹಾಗೇ ಇದ್ದೆ. ಮನೆಯಲ್ಲಿ ಎಲ್ಲರೂ ಸೈನ್ಸ್ ಓದಿ ಹೀಗಾದಳು ಅಂದ್ರು. ಅಲ್ಲ. ನಮ್ಮಮ್ಮ ಜೋರಾಗಿ ಪ್ರಾರ್ಥನೆ ಮಾಡ್ತಾರೆ. ‘ಕರ್ತನೇ, ಈ ಮಗುವಿನ ಸೋಮಾರಿತನ ತೆಗೆದುಹಾಕು, ಗಣಿತದಲ್ಲಿ ನಲವತ್ತೆರಡು ಬಂದಿರೋದು ನಿನಗೆ ಗೊತ್ತೇ ಇದೆ’ ಅಂತ. ಮನೆಗೆ ಅತ್ತೆ ಮಾವ ಬಂದಿದ್ದಾಗಲೂ. ನನಗೆ ಬೈಯೋದನ್ನೇ ದೇವರ ಕಡೆ ತಿರುಗಿ ಬೈತಿದ್ರು. ಎದುರು ಮಾತಾಡೋ ಹಾಗೂ ಇಲ್ಲ, ಎಲ್ಲರ ಕಣ್ಣೂ ಮುಚ್ಚಿರುತ್ತೆ. ಕೊನೆಗೆ ಆಮೆನ್ ಬೇರೆ ಹೇಳಬೇಕು. ನಿಮ್ಮ ಮನೆಯಲ್ಲಿ ಅವನ ಹೆಸರು ಹಿಡಿದು ಪ್ರಾರ್ಥನೆ ನಡೀತಿದ್ರೆ ಸ್ವಲ್ಪ ದಿನ ನಿಲ್ಲಿಸಿ, ಪ್ಲೀಸ್. ಮನಸ್ಸಲ್ಲಿ ಮಾಡಿಕೊಳ್ಳಿ.

ನಾನು ಮತ್ತೆ ಬಂದು ಕೂತಿದ್ದು ಒಂದು ರಾತ್ರಿ ಕರೆಂಟ್ ಹೋದಾಗ. ಕತ್ತಲಲ್ಲಿ ಅಪ್ಪ ಪ್ರಾರ್ಥನೆ ಮಾಡ್ತಾ ‘ಸಾಲದ ವಿಷಯ ಯಾರಿಗೂ ಹೇಳಿಲ್ಲ, ಭಯ ಆಗ್ತಿದೆ’ ಅಂದ್ರು. ಅಮ್ಮನಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಭಯ ಆಗುತ್ತೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ದೇವರು ಇದ್ದಾನೋ ಇಲ್ಲವೋ, ಇಲ್ಲಿ ಯಾರೋ ನಿಜ ಹೇಳ್ತಿದ್ದಾರೆ ಅನ್ನಿಸ್ತು. ಈಗ ನಂಬ್ತೀಯಾ ಅಂತ ಕೇಳಿದ್ರೆ, ಕೆಲವು ಭಾನುವಾರ ಹೌದು.

ಮಗನ ಜೊತೆ ಮಾತಾಡಿ ಅಂತ ಎಲ್ಲರೂ ಬರೆದಿರ್ತಾರೆ. ಮಾತಾಡಿ. ಆದ್ರೆ ಅದಕ್ಕೆ ಮೊದಲು ಅವನ ಮೊಬೈಲ್ ವಾಪಸ್ ಕೊಟ್ಟುಬಿಡಿ ಆಂಟಿ.