ಬೆಳ್ಳಿ ರೂಪಾಯಿಯ ಅಚ್ಚುದೋಷ: ಯಾವುದು ಅಸಲಿ, ಯಾವುದಕ್ಕೆ ಬೆಲೆ?

ಪ್ರಶ್ನೆ: ಸರ್, ಹಳೆಯ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ಕಾಲದ ಎರಡು ರೂಪಾಯಿ ಸಿಕ್ಕಿವೆ. 1918ರದ್ದರಲ್ಲಿ ರಾಜನ ಮುಖ ಸುಮಾರು 2 ಮಿ.ಮೀ. ಪಕ್ಕಕ್ಕೆ ಸರಿದಿದೆ, ಹಿಂಬದಿ ನೆಟ್ಟಗಿದೆ. ಇನ್ನೊಂದರಲ್ಲಿ ಎರಡೂ ಕಡೆ ರಾಜನೇ. ಒಂದು ಕಡೆ ಉಬ್ಬು, ಮತ್ತೊಂದು ಕಡೆ ತಗ್ಗು, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಅಕ್ಕಸಾಲಿಗರು ಎರಡನ್ನೂ ತೂಕದ ರೇಟಿಗೆ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಎರಡನೆಯದನ್ನು ದಯವಿಟ್ಟು ಕೊಡಬೇಡಿ. ಅದು ಅಸಲಿಯಾಗಿದ್ದರೆ ಬ್ರೋಕೇಜ್. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆ (ಇನ್ನೂ ಚಿತ್ರ ಒತ್ತದ ಬೆಳ್ಳಿ ತುಂಡು) ಅದರ ಮೇಲೆ ಒತ್ತಿದಾಗ ಹೀಗಾಗುತ್ತದೆ.

ಮೊದಲು ತೂಗಿ. ಪೂರ್ತಿ ತೂಕ 11.66 ಗ್ರಾಂ, ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ. ಆಮೇಲೆ 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಮುಳುಗಿಸಿ. ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಐದನೇ ಜಾರ್ಜ್ ಕಾಲದ ರೂಪಾಯಿಯಲ್ಲಿ ಬೆಳ್ಳಿ 91.7%, ಹಾಗಾಗಿ ಪೂರ್ತಿ ತೂಕದ ನಾಣ್ಯಕ್ಕೆ ಸುಮಾರು 1.13 ಗ್ರಾಂ ಬರಬೇಕು. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ.

ನಂತರ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ತಗ್ಗಿನ ಬದಿ ನೋಡಿ. ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ (ತಿರುಪು ಬಿಗಿದು ಒತ್ತುವ ಉಪಕರಣ) ಒತ್ತಿದ ನಕಲಿಯಾದರೆ ಕೆಳಗೆ ಹಳೆಯ ಹಿಂಬದಿಯ ಹೂಬಳ್ಳಿಯ, ‘ಒನ್ ರುಪೀ’ ಅಕ್ಷರಗಳ ಅವಶೇಷ ಇರುತ್ತದೆ, ಉಬ್ಬು ಬದಿಯ ಕೆನ್ನೆ, ಕಿರೀಟ ಚಪ್ಪಟೆಯಾಗಿರುತ್ತದೆ. ಅಸಲಿಯಲ್ಲಿ ಹಿಂಬದಿಯ ಒಂದು ಎಲೆಯೂ ಕಾಣುವುದಿಲ್ಲ. ತಗ್ಗಿನ ಮುಖ ಚೂಪಾಗಿ, ಅಳತೆಯಲ್ಲಿ ಸರಿಯಾಗಿದ್ದರೆ ಅಂಟಿಕೊಂಡ ಮೊದಲ ಹೊಡೆತಗಳದ್ದು, ಬೆಲೆ ಹೆಚ್ಚು. ಹೊಡೆತ ಹೊಡೆದಂತೆ ಅಂಟಿದ ನಾಣ್ಯ ಅಗಲವಾಗಿ ಮುಖ ಹಿಗ್ಗುತ್ತದೆ, ಮಸುಕಾಗುತ್ತದೆ.

ಇಸವಿ ಹಿಂಬದಿಯಲ್ಲೇ ಇರುವುದರಿಂದ ಇಂಥ ನಾಣ್ಯಕ್ಕೆ ಇಸವಿ ಸಿಗದು. ‘ಇದು ಅಪರೂಪದ ವರ್ಷ’ ಎಂಬ ಮಾತನ್ನು ನಂಬಬೇಡಿ. ಒಂದೇ ವಿನಾಯಿತಿ 1911ರದ್ದು: ರಾಜನ ನಿಲುವಂಗಿಯ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ 1912ರಲ್ಲಿ ಚಿತ್ರ ತಿದ್ದಿದರು. ಆ ಆನೆಯ ಸೊಂಡಿಲು ನೋಡಿ.

ಇನ್ನು 1918ರದ್ದು. ಅಂಚಿನ ಗೀರುಗಳು ಸುತ್ತಲೂ ಪೂರ್ತಿ ಇವೆಯೇ?

ಪ್ರಶ್ನೆ: ಹೌದು ಸರ್, ಪೂರ್ತಿ ಇವೆ. ಮೇಲ್ತುದಿಯಲ್ಲಿ ಮಾತ್ರ ಸ್ವಲ್ಪ ಬೂದು ಕಲೆ.

ಉತ್ತರ: ಹಾಗಾದರೆ ಒಂದು ಅಚ್ಚು ಮಾತ್ರ ಸರಿದಿದೆ, ಬಿಲ್ಲೆ ಕಾಲರ್ (ಒತ್ತುವಾಗ ಬಿಲ್ಲೆಯನ್ನು ಸುತ್ತ ಹಿಡಿದು ಅಂಚಿಗೆ ಗೀರು ಮೂಡಿಸುವ ಉಂಗುರ) ಒಳಗೇ ಇತ್ತು. ಇದಕ್ಕೆ ಹೆಚ್ಚು ಬೆಲೆ ಇಲ್ಲ. ಬಿಲ್ಲೆಯೇ ಕಾಲರ್‌ನಿಂದ ಹೊರಬಿದ್ದಿದ್ದರೆ ಎರಡೂ ಬದಿ ಸರಿಯುತ್ತದೆ, ಅಂಚಿನಲ್ಲಿ ಗೀರು ಬೀಳುವುದಿಲ್ಲ. ಆ ಬೂದು ಕಲೆ ಸರಕ್ಕೆ ಪೋಣಿಸಲು ಕೊಂಡಿ ಕೂಡಿಸಿದ ಬೆಸುಗೆಯದ್ದಿರಬೇಕು. ಇದ್ದ ಬೆಲೆಯೂ ಅದರಿಂದ ಇಳಿಯುತ್ತದೆ. ಇದರಲ್ಲಿರುವ ಶುದ್ಧ ಬೆಳ್ಳಿ 10.69 ಗ್ರಾಂ, ಮಾರುವ ದಿನದ ಬೆಳ್ಳಿ ದರಕ್ಕೆ ಗುಣಿಸಿ. ಅದಕ್ಕಿಂತ ಕಡಿಮೆಗೆ ಕೊಡಬೇಡಿ.

ಬ್ರೋಕೇಜ್‌ಗೆ ಬೆಲೆ ಕಟ್ಟುವಾಗ ಜಾಹೀರಾತಿನಲ್ಲಿ ಕೇಳಿದ ಬೆಲೆ ನೋಡದೆ, ಅದೇ ರಾಜನ ಅದೇ ದೋಷದ ನಾಣ್ಯ ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಅದನ್ನೇ ನೋಡಿ. ಬೆಂಗಳೂರಿನ ಮರುಧರ್ ಆರ್ಟ್ಸ್‌ನಂಥವರ ಹಳೆಯ ಹರಾಜಿನ ಪಟ್ಟಿ ಹುಡುಕಿ. ಹುಣಸೆಹಣ್ಣು, ವಿಭೂತಿ, ಪೇಸ್ಟ್ ಯಾವುದನ್ನೂ ಹಚ್ಚಿ ಉಜ್ಜಬೇಡಿ, ಅರ್ಧ ಬೆಲೆ ಅಲ್ಲೇ ಹೋಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಪ್ರಮಾಣೀಕರಿಸಲು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸಬಹುದೇ?

ಉತ್ತರ: ನೂರು ವರ್ಷ ತುಂಬಿದ ನಾಣ್ಯ 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯಂತೆ ಪುರಾವಸ್ತು. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ.