‘ಒಂದು ಕಪ್ ಮೈದಾ’: ಅಳೆಯೋದಾ, ತೂಗೋದಾ?

ಎಲ್ಲರಿಗೂ ನಮಸ್ಕಾರ.

ಮನೆಗೆ ಓವನ್ ಬಂದಿದೆ. ಕೇಕ್ ಮಾಡೋದನ್ನು ಕನ್ನಡದಲ್ಲಿ ಬರೆದುಕೊಡು ಅಂದಳು ಅಮ್ಮ. ‘ಮೈದಾ 2 ಕಪ್’ ಅಂತ ಶುರು ಮಾಡಿದೆ, ಅಲ್ಲೇ ಸಿಕ್ಕಿಬಿದ್ದೆ. “ಕಪ್ ಅಂದ್ರೆ ನಮ್ಮ ಪಾವಾ? ತುಂಬಿದ ಮೇಲೆ ತಲೆ ಸವರಬೇಕಾ, ಇಲ್ಲ ಗೋಪುರ ಹಾಗೇ ಬಿಡಬೇಕಾ?” ಅಂತ ಅಮ್ಮ ಕೇಳಿದಳು.

ಮೊದಲನೆಯದಕ್ಕೆ ಉತ್ತರ ಇದೆ. ಪಾವು ಸೇರಿನ ಕಾಲು ಭಾಗ, ಅದಕ್ಕೂ ಕಪ್ಪಿಗೂ ಸಂಬಂಧವಿಲ್ಲ. ಕಪ್ ಕೂಡ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ್ದು ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ್ದು 250, ಜಪಾನಿನದು 200.

ಎರಡನೆಯದು ನನ್ನನ್ನು ತಕ್ಕಡಿಯ ಮುಂದೆ ಕೂರಿಸಿತು. ಒಂದೇ ಕಪ್, ಒಂದೇ ಡಬ್ಬಿಯ ಮೈದಾ. ಕಪ್ಪನ್ನೇ ಡಬ್ಬಿಗೆ ಅದ್ದಿ ಮೊಗೆದಾಗ 146 ಗ್ರಾಂ ಬಂತು. ಚಮಚದಲ್ಲಿ ಹಗುರವಾಗಿ ತುಂಬಿ ಚಾಕುವಿನ ಬೆನ್ನಿನಿಂದ ತಲೆ ಸವರಿದಾಗ 122. ಜರಡಿ ಹಿಡಿದು ತುಂಬಿದಾಗ 110ರ ಹತ್ತಿರ. ಎರಡು ಕಪ್ಪಿಗೆ ಎಪ್ಪತ್ತು ಗ್ರಾಂ ವ್ಯತ್ಯಾಸ! ಕೇಕ್ ಇಟ್ಟಿಗೆ ಆಗೋಕೆ ಇಷ್ಟು ಸಾಕು. ಸಕ್ಕರೆ ಈ ಆಟ ಆಡಲ್ಲ, ಹೇಗೆ ತುಂಬಿದರೂ 200ರ ಆಸುಪಾಸು. ಬೆಣ್ಣೆ ಸುಮಾರು 225.

ಈಗ ಪದದ ವಿಷಯ. ಕನ್ನಡದಲ್ಲಿ ‘ಅಳೆ’ ಬೇರೆ, ‘ತೂಗು’ ಬೇರೆ. ಹಾಲು ಅಳೀತೀವಿ, ಬಂಗಾರ ತೂಗ್ತೀವಿ. ‘ಅಳೆದು ತೂಗಿ’ ಅಂತ ಎರಡನ್ನೂ ಜೋಡಿಸಿ ಹೇಳ್ತೀವಿ, ಅಂದರೆ ಒಂದು ಮಾಡಿದರೆ ಇನ್ನೊಂದು ಮಾಡಿದಂತಲ್ಲ ಅಂತ ತಾನೆ? ಆದರೆ ‘ಸೇರು’ ಮಾತ್ರ ಎರಡೂ ಕಡೆ ಕಾಲಿಟ್ಟಿದೆ. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು, ಬೆಲ್ಲವನ್ನು ಸೇರಿನಲ್ಲಿ ತೂಗುತ್ತಿದ್ದರು. ತೂಕದ ಸೇರಿನಲ್ಲೂ ಪಕ್ಕಾ, ಕಚ್ಚಾ ಅಂತ ಇತ್ತು. 80 ತೊಲದ ಸೇರು ಅಂದರೆ ಸುಮಾರು 933 ಗ್ರಾಂ. 1956ರ ಕಾನೂನಿನಿಂದ ಕಿಲೋ ಬಂದು ಈ ಗೊಂದಲ ಅಂಗಡಿಯಿಂದ ಹೋಯಿತು. ‘ಸೇರಿಗೆ ಸವ್ವಾಸೇರು’ ಅಂತ ಜಗಳದ ಮಾತಿನಲ್ಲಿ ಉಳಿದಿದೆ, ಅಷ್ಟೆ. ಅದರ ಜಾಗಕ್ಕೆ ಈಗ ಕಪ್ ಬಂದು ಕೂತಿದೆ ಅನ್ನಿಸುತ್ತೆ.

ಒಂದು ಕಡೆ ಮಾತ್ರ ಕನ್ನಡ ಕೈ ಹಿಡಿಯಿತು. ‘ಜರಡಿ ಹಿಡಿದ ಮೈದಾ ಒಂದು ಕಪ್’ ಅಂತ ಬರೆದರೆ ಕೆಲವರು ಅಳೆದ ಮೇಲೆ ಜರಡಿ ಹಿಡಿಯುತ್ತಾರೆ, ಕೆಲವರು ಮೊದಲೇ. ಅದನ್ನೇ ‘ಜರಡಿ ಹಿಡಿದು ಅಳೆಯಿರಿ’ ಅಥವಾ ‘ಅಳೆದು ಜರಡಿ ಹಿಡಿಯಿರಿ’ ಅಂದರೆ ಯಾವುದು ಮೊದಲು ಅಂತ ಯಾರೂ ಕೇಳೋ ಹಾಗಿಲ್ಲ. ಹಾಗಾಗಿ ಸಾಮಾನಿನ ಪಟ್ಟಿಯಲ್ಲಿ ವಿಶೇಷಣ ಹಾಕೋದು ಬಿಟ್ಟೆ, ಪೂರ್ತಿ ಕ್ರಿಯಾಪದ ಬರೆದೆ.

ಇನ್ನು ನನ್ನ ಪ್ರಶ್ನೆ. ತಲೆ ಸವರಿದ ಕಪ್ಪಿಗೆ ‘ಮಟ್ಟಸ ಕಪ್’ ಅಂತ ಬರೆದಿದ್ದೇನೆ. ಬೆಲ್ಲದ ಪುಡಿಯನ್ನು ಬೆರಳಲ್ಲಿ ಅದುಮಿ ತುಂಬಿದ್ದಕ್ಕೆ ‘ಅದುಮಿದ ಕಪ್’. ಇವೆರಡೂ ನಡೆಯುತ್ತೆ ಅಂದುಕೊಂಡಿದ್ದೇನೆ. ಗೋಪುರ ಬಿಟ್ಟ ಚಮಚಕ್ಕೆ ಏನನ್ನೋದು? ‘ರಾಶಿ ಚಮಚ’ ಅಂದೆ, ಅಮ್ಮ ನಕ್ಕಳು, ಅದೇನು ಕಣದಲ್ಲಿ ರಾಗಿ ತೂರ್ತಾ ಇದ್ದೀಯಾ ಅಂದಳು. ‘ತುಂಬು ಚಮಚ’ ಅಂದರೆ ಮಟ್ಟಸ ಅಂತಲೂ ಆಗಬಹುದು. ಕಾಳು ಅಳೆಯುವವರ ಬಾಯಲ್ಲಿ ಇದಕ್ಕೆ ಒಂದು ಮಾತು ಇದ್ದೇ ಇರುತ್ತೆ ಅಲ್ವಾ? ನಿಮ್ಮ ಕಡೆ ಏನಂತೀರಿ? ಊರಿನ ಹೆಸರೂ ಬರೆಯಿರಿ.

ಹಾಂ, ಅಳತೆಯ ಪಟ್ಟಿಗೆ ‘ಗ್ರಾಂನಿಂದ ಕಪ್ಪಿಗೆ ಪರಿವರ್ತನೆ’ ಅಂತ ತಲೆಬರಹ ಇಟ್ಟಿದ್ದೆ. ಕಚೇರಿ ನೋಟೀಸಿನ ಹಾಗೆ ಕಂಡಿತು. ಹೊಡೆದುಹಾಕಿ ‘ಎಷ್ಟು ಕಪ್ಪಿಗೆ ಎಷ್ಟು ಗ್ರಾಂ’ ಅಂತ ಬರೆದೆ.